ಹಿಮ ಕರಗಿದ ಮೇಲೆ ಹಕುಬಾದಲ್ಲಿ ಏನಿರುತ್ತೆ?

"ಜಪಾನಿನಲ್ಲಿ ಹಕುಬಾ ಅಂತ ಒಂದು ಊರಿದೆಯಂತಲ್ಲ, ಚಳಿಗಾಲ ಬಿಟ್ಟು ಬೇರೆ ಟೈಮಲ್ಲಿ ಹೋದ್ರೆ ದಂಡ ಅಲ್ವಾ?"

ಈಚೆಗೆ ಈ ಪ್ರಶ್ನೆ ಜಾಸ್ತಿ ಕೇಳಿಬರುತ್ತಿದೆ. ಮೊದಲೆಲ್ಲ ಜಪಾನ್ ಅಂದರೆ ನಮಗೆ ಟೊಕಿಯೊ, ಕ್ಯೋಟೊ, ಫುಜಿ ಬೆಟ್ಟ, ಅಷ್ಟೇ. ಈಗ ಬೆಂಗಳೂರಿನಿಂದ ಟೊಕಿಯೊದ ನರಿತಾಗೆ ನೇರ ವಿಮಾನ ಇದೆ. 2024ರಿಂದ ಭಾರತೀಯರಿಗೆ ಪ್ರವಾಸಿ ವೀಸಾ ಎಲೆಕ್ಟ್ರಾನಿಕ್ ರೂಪದಲ್ಲೇ ಸಿಗುತ್ತಿದೆ. ಅದೇ ವರ್ಷ ಜಪಾನಿಗೆ ಮೂರೂವರೆ ಕೋಟಿಗೂ ಹೆಚ್ಚು ವಿದೇಶಿಯರು ಬಂದರು. ಕ್ಯೋಟೊದ ಬೀದಿಗಳಲ್ಲಿ ಕಾಲಿಡಲು ಜಾಗ ಇಲ್ಲದಂತಾದಾಗ, ಜನ ಬೆಟ್ಟದ ಕಡೆ ಮುಖ ಮಾಡಿದರು. ಹಾಗೆ ನಮ್ಮವರ ಕಣ್ಣಿಗೆ ಬಿದ್ದ ಊರುಗಳಲ್ಲಿ ಹಕುಬಾ ಒಂದು.

ಪ್ರಶ್ನೆಗೆ ಚಿಕ್ಕ ಉತ್ತರ: ದಂಡ ಅಲ್ಲ. ಯಾಕೆ ಅಲ್ಲ ಅನ್ನೋದು ಸ್ವಲ್ಪ ಉದ್ದದ ಕಥೆ. ಅದರಲ್ಲಿ ಸೈಬೀರಿಯಾದ ಗಾಳಿ ಬರುತ್ತೆ, ಗದ್ದೆ ಉಳುವ ಕುದುರೆ ಬರುತ್ತೆ, ಹಾವಿನ ಚರ್ಮದಂಥ ಒಂದು ಕಲ್ಲೂ ಬರುತ್ತೆ.

## ಬೆಂಗಳೂರಿಗಿಂತ ತಗ್ಗಿನ ಬೆಟ್ಟದೂರು

ಹಕುಬಾ ಇರುವುದು ಟೊಕಿಯೊದ ವಾಯವ್ಯಕ್ಕೆ, ನಗಾನೊ ಪ್ರಾಂತ್ಯದಲ್ಲಿ. ಹೆಸರು ದೊಡ್ಡದಾದರೂ ಸರ್ಕಾರಿ ಲೆಕ್ಕದಲ್ಲಿ ಇದು ಇವತ್ತಿಗೂ ‘ಮುರಾ’, ಅಂದರೆ ಹಳ್ಳಿ. 1956ರಲ್ಲಿ ಎರಡು ಹಳ್ಳಿಗಳನ್ನು ಸೇರಿಸಿ ಮಾಡಿದ್ದು. ಜನಸಂಖ್ಯೆ ಹತ್ತು ಸಾವಿರದೊಳಗೆ.

ಊರಿನ ಎತ್ತರ ಸುಮಾರು 700 ಮೀಟರ್. ಬೆಂಗಳೂರು ಇದಕ್ಕಿಂತ 200 ಮೀಟರ್ ಎತ್ತರದಲ್ಲಿದೆ! ಆದರೆ ಹಕುಬಾದಲ್ಲಿ ನಿಂತು ಪಶ್ಚಿಮಕ್ಕೆ ತಿರುಗಿದರೆ ಸಾಕು, ಗದ್ದೆಗಳ ಆಚೆ ಬೆಟ್ಟ ಗೋಡೆಯ ಹಾಗೆ ಎದ್ದು ನಿಂತಿರುತ್ತೆ. ಅದೇ ಜಪಾನಿನ ‘ಉತ್ತರ ಆಲ್ಪ್ಸ್’ ಪರ್ವತಸಾಲು. ಅದರ ಶಿರೋಉಮಾ ಶಿಖರದ ಎತ್ತರ 2,932 ಮೀಟರ್. ನಡುವೆ ಸಣ್ಣಪುಟ್ಟ ಗುಡ್ಡಗಳ ಮೆಟ್ಟಿಲಿಲ್ಲ. ಊರಿನ ಬಯಲಿನಿಂದ ಎರಡು ಕಿಲೋಮೀಟರಿಗೂ ಹೆಚ್ಚು ಎತ್ತರಕ್ಕೆ ಬೆಟ್ಟ ನೇರವಾಗಿ ಏರಿಬಿಡುತ್ತೆ.

ಇದಕ್ಕೆ ಕಾರಣ ನೆಲದಡಿ ಇದೆ. ಜಪಾನಿನ ದೊಡ್ಡ ದ್ವೀಪವನ್ನು ಅಡ್ಡಲಾಗಿ ಸೀಳುವ ಒಂದು ಬಿರುಕಿನ ಸಾಲು ಈ ಕಣಿವೆಯಲ್ಲೇ ಹಾದುಹೋಗುತ್ತೆ. ಅದು ಈಗಲೂ ಜೀವಂತ. 2014ರ ನವೆಂಬರ್ 22ರ ರಾತ್ರಿ ಇಲ್ಲಿ 6.7 ತೀವ್ರತೆಯ ಭೂಕಂಪವಾಯಿತು. ಹಲವು ಮನೆಗಳು ನೆಲಕಚ್ಚಿದವು. ಒಬ್ಬರೂ ಸಾಯಲಿಲ್ಲ. ಅಕ್ಕಪಕ್ಕದವರೇ ಕತ್ತಲಲ್ಲಿ ಓಡಿಬಂದು, ಮರದ ತೊಲೆಗಳನ್ನೆತ್ತಿ ಸಿಕ್ಕಿಬಿದ್ದವರನ್ನು ಹೊರಗೆಳೆದಿದ್ದರು. ಯಾರ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ ಅಂತ ಗೊತ್ತಿರುವಷ್ಟು ಚಿಕ್ಕ ಊರು ಅದು.

## ಇಷ್ಟು ಹಿಮ ಬರೋದು ಎಲ್ಲಿಂದ?

ಹಕುಬಾ ಧ್ರುವಕ್ಕೆ ಹತ್ತಿರವೇನೂ ಇಲ್ಲ. ಆಫ್ರಿಕಾದ ಅಲ್ಜೀರ್ಸ್ ನಗರವೂ ಹೆಚ್ಚುಕಮ್ಮಿ ಇದೇ ಅಕ್ಷಾಂಶದಲ್ಲಿದೆ. ಹಾಗಿದ್ದೂ ಇಲ್ಲಿನ ಬೆಟ್ಟದ ಮೇಲೆ ಒಂದು ಚಳಿಗಾಲಕ್ಕೆ ಒಟ್ಟು 10 ಮೀಟರ್ ಮೀರಿ ಹಿಮ ಬೀಳುತ್ತೆ. (ಇದು ದಿನದಿನ ಬಿದ್ದಿದ್ದನ್ನು ಕೂಡಿಸಿದ ಲೆಕ್ಕ. ಹಿಮ ತನ್ನ ಭಾರಕ್ಕೆ ತಾನೇ ಕುಸಿಯುವುದರಿಂದ ನೆಲದ ಮೇಲೆ ಅಷ್ಟು ಎತ್ತರ ನಿಂತಿರುವುದಿಲ್ಲ.)

ನಮ್ಮ ಪಶ್ಚಿಮ ಘಟ್ಟದ ಮಳೆ ಅರ್ಥವಾಗಿದ್ದರೆ ಇದೂ ಅರ್ಥವಾಗುತ್ತೆ. ಅರಬ್ಬಿ ಸಮುದ್ರದ ಮೇಲಿಂದ ಬರುವ ಗಾಳಿ ನೀರು ಹೀರಿಕೊಂಡು ಬಂದು, ಘಟ್ಟಕ್ಕೆ ಅಡ್ಡ ಸಿಕ್ಕಿ ಮೇಲೇರಿ, ತಣ್ಣಗಾಗಿ ಸುರಿಯುತ್ತೆ. ಆಗುಂಬೆ ತೋಯುತ್ತೆ, ಘಟ್ಟದ ಆಚೆಯ ಚಿತ್ರದುರ್ಗ ಒಣಗಿರುತ್ತೆ. ಜಪಾನಿನಲ್ಲಿ ಇದೇ ಆಟ ಚಳಿಗಾಲದಲ್ಲಿ ನಡೆಯುತ್ತೆ. ಸೈಬೀರಿಯಾದಿಂದ ಕೊರೆಯುವ ಒಣಗಾಳಿ ಹೊರಡುತ್ತೆ. ದಾರಿಯಲ್ಲಿ ಜಪಾನ್ ಸಮುದ್ರ. ದಕ್ಷಿಣದಿಂದ ಬರುವ ಬೆಚ್ಚಗಿನ ಒಳಹರಿವಿನಿಂದಾಗಿ ಆ ನೀರು ಗಾಳಿಗಿಂತ ಎಷ್ಟೋ ಬಿಸಿ. ಚಳಿಯ ಬೆಳಗ್ಗೆ ಬಚ್ಚಲ ಹಂಡೆಯಿಂದ ಹಬೆ ಏಳುವ ಹಾಗೆ ಸಮುದ್ರದಿಂದ ಹಬೆ ಏಳುತ್ತೆ. ಗಾಳಿ ಅದನ್ನು ಹೊತ್ತು ತಂದು ಉತ್ತರ ಆಲ್ಪ್ಸ್‌ಗೆ ಡಿಕ್ಕಿ ಹೊಡೆಯುತ್ತೆ. ಅಲ್ಲಿ ಇಳಿಯೋದು ಮಳೆಯಲ್ಲ, ಹಿಮ. ಅದೇ ದಿನ ಬೆಟ್ಟದ ಆಚೆಯ ಟೊಕಿಯೊದಲ್ಲಿ ಬಿಸಿಲು ಹೊಡೆಯುತ್ತಿರಬಹುದು.

## ಚಳಿಗಾಲ: ಎಲ್ಲರಿಗೂ ಗೊತ್ತಿರುವ ಹಕುಬಾ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದು ಸ್ಕೀ ಊರು. ಹಕುಬಾ ಮತ್ತು ನೆರೆಯ ಒತಾರಿ, ಒಮಾಚಿಗಳಲ್ಲಿ ಹರಡಿದ ಹತ್ತು ಸ್ಕೀ ಮೈದಾನಗಳನ್ನು ಸೇರಿಸಿ ‘ಹಕುಬಾ ವ್ಯಾಲಿ’ ಅನ್ನುತ್ತಾರೆ. ದೊಡ್ಡದು ಹಪ್ಪೊ-ಒನೆ. ಇಂಗ್ಲಿಷಿನಲ್ಲಿ ಬರೆದಿದ್ದನ್ನು ನೋಡಿ ‘ಹಪ್ಪೊ ಒನ್’ ಅಂತ ಓದಿ ಎರಡನೆಯದು ಎಲ್ಲಿ ಅಂತ ಹುಡುಕುವವರಿದ್ದಾರೆ. ‘ಒನೆ’ ಅಂದರೆ ಬೆಟ್ಟದ ಬೆನ್ನು, ಅಷ್ಟೇ. ಇಲ್ಲಿ ಮೇಲಿನ ತುದಿಗೂ ಕೆಳಗಿನ ತುದಿಗೂ ಎತ್ತರದ ವ್ಯತ್ಯಾಸ 1,071 ಮೀಟರ್.

ಸ್ಕೀ ಗೊತ್ತಿಲ್ಲದವರಿಗೆ ಒಂದು ಮಾತು. ಇಳಿಜಾರುಗಳಿಗೆ ಬಣ್ಣದ ಗುರುತು ಇರುತ್ತೆ. ಹಸಿರು ಹೊಸಬರಿಗೆ, ಕೆಂಪು ಸ್ವಲ್ಪ ಕಲಿತವರಿಗೆ, ಕಪ್ಪು ಪಳಗಿದವರಿಗೆ. ಬೂಟು, ಹಲಗೆ, ಜಾಕೆಟ್ ಎಲ್ಲ ಬಾಡಿಗೆಗೆ ಸಿಗುತ್ತೆ. ಹಗ್ಗ ಕಟ್ಟಿದ ಗಡಿ ದಾಟುವುದು ಮಾತ್ರ ಬೇಡ. ಹೊಸದಾಗಿ ಬಿದ್ದ ಹಿಮ ಗುಡ್ಡೆಗುಡ್ಡೆಯಾಗಿ ಜಾರುವ ಅಪಾಯ ಇದ್ದೇ ಇದೆ.

ಹಕುಬಾಕ್ಕೆ ಜಗತ್ತಿನ ಭೂಪಟದಲ್ಲಿ ಜಾಗ ಕೊಟ್ಟಿದ್ದು 1998ರ ನಗಾನೊ ಒಲಿಂಪಿಕ್ಸ್. ಜಪಾನೀಯರು ಇವತ್ತಿಗೂ ನೆನೆಯುವುದು ಫೆಬ್ರವರಿ 17ರ ಸ್ಕೀ ಜಂಪ್ ತಂಡ ಸ್ಪರ್ಧೆಯನ್ನು. ಹಿಮ ಎಷ್ಟು ಸುರಿಯುತ್ತಿತ್ತೆಂದರೆ ಮೊದಲ ಸುತ್ತಿನಲ್ಲಿ ಹರಾದಾ ಮಸಾಹಿಕೊ ಹಾರಿದ್ದು ಬರೀ 79.5 ಮೀಟರ್. ತಂಡ ಹಿಂದೆ ಬಿತ್ತು. ಸ್ಪರ್ಧೆ ನಿಂತಿತು. ಪದಕದ ಆಸೆ ಇಲ್ಲದ 25 ಪರೀಕ್ಷಾ ಜಿಗಿತಗಾರರು ಒಬ್ಬರ ಹಿಂದೊಬ್ಬರು ಹಾರಿ, ಇಳಿಜಾರು ಹಾರುವ ಸ್ಥಿತಿಯಲ್ಲೇ ಇದೆ ಅಂತ ತೋರಿಸಿದ ಮೇಲೆ ಎರಡನೇ ಸುತ್ತು ಶುರುವಾಯಿತು. ಅದರಲ್ಲಿ ಹರಾದಾ 137 ಮೀಟರ್ ಹಾರಿದರು. ಚಿನ್ನ ಬಂತು.

ಆ ಜಂಪ್ ಕಟ್ಟೆ ಈಗಲೂ ಇದೆ. ಲಿಫ್ಟಿನಲ್ಲಿ ಮೇಲೆ ಹೋಗಿ, ಆಟಗಾರರು ಹೊರಡುವ ಜಾಗದ ಪಕ್ಕದಲ್ಲೇ ನಿಂತು ಕೆಳಗೆ ನೋಡಬಹುದು. ಹೊಟ್ಟೆಯೊಳಗೆ ಕಚಗುಳಿ ಗ್ಯಾರಂಟಿ. ಬೇಸಿಗೆಯಲ್ಲೂ ಇಲ್ಲಿ ಸ್ಪರ್ಧೆ ನಡೆಯುತ್ತೆ. ಹಿಮದ ಬದಲು ಇಳಿಜಾರಿಗೆ ಹೊದಿಸಿದ ಪ್ಲಾಸ್ಟಿಕ್ ಹಾಸಿನ ಮೇಲೆ ನೀರು ಬಿಡುತ್ತಾರೆ. ಆಟಗಾರರು ಹಸಿರು ಬೆಟ್ಟದ ಮುಂದೆ ಹಾರುತ್ತಾರೆ.

## ಒಂದು ಋತುವಿನ ಊರು ನಾಲ್ಕು ಋತುವಿನದಾಗಿದ್ದು

ಮೊದಲಿನಿಂದಲೂ ಹೀಗಿತ್ತಾ? ಇಲ್ಲ. 1990ರ ದಶಕದ ಶುರುವಿನಲ್ಲಿ ಜಪಾನಿನಲ್ಲಿ ಸುಮಾರು 1.8 ಕೋಟಿ ಜನ ಸ್ಕೀ ಆಡುತ್ತಿದ್ದರು. ಆಮೇಲೆ ಆರ್ಥಿಕತೆ ಕುಸಿಯಿತು, ಯುವಕರ ಸಂಖ್ಯೆ ಇಳಿಯಿತು, ಸ್ಕೀ ಆಡುವವರು ಅರ್ಧಕ್ಕಿಂತ ಕಡಿಮೆಯಾದರು. ವಿದೇಶಿಯರು ಬಂದು ಚಳಿಗಾಲವನ್ನು ಎತ್ತಿ ನಿಲ್ಲಿಸಿದರು. ಆದರೆ ಹಿಮವೇ ಕೈಕೊಟ್ಟರೆ? ಬೆಚ್ಚನೆಯ ಚಳಿಗಾಲಗಳು ಬರತೊಡಗಿದವು. 2019ರಲ್ಲಿ ಹಕುಬಾ ಹವಾಮಾನ ತುರ್ತುಸ್ಥಿತಿಯನ್ನೇ ಘೋಷಿಸಿತು.

ಗೊಂಡೋಲಾ ಅಂದರೆ ತಂತಿಗೆ ತೂಗುಬಿದ್ದು ಬೆಟ್ಟ ಏರುವ ಮುಚ್ಚಿದ ಡಬ್ಬಿ. ಕುರ್ಚಿಯಂತೆ ತೆರೆದಿದ್ದರೆ ಅದು ಚೇರ್‌ಲಿಫ್ಟ್. ಇವನ್ನು ಕಟ್ಟಲು ಅಪಾರ ದುಡ್ಡು ಬೇಕು. ವರ್ಷಕ್ಕೆ ನಾಲ್ಕು ತಿಂಗಳು ಓಡಿಸಿ ಉಳಿದ ಎಂಟು ತಿಂಗಳು ಸುಮ್ನೆ ನಿಲ್ಲಿಸಿದರೆ ಲೆಕ್ಕ ಕೂಡುವುದಿಲ್ಲ. ಮದುವೆ ಇಲ್ಲದ ದಿನ ಛತ್ರವನ್ನು ಸಮ್ಮೇಳನಕ್ಕೆ ಕೊಟ್ಟ ಹಾಗೆ, ಸ್ಕೀ ಇಲ್ಲದಾಗ ಗೊಂಡೋಲಾ ಚಾರಣಿಗರನ್ನು ಹೊತ್ತಿತು. ಇವಾತಾಕೆ ಎಂಬ ಮೈದಾನ 2018ರಲ್ಲಿ ಬೆಟ್ಟದ ತುದಿಗೆ ಮರದ ದೊಡ್ಡ ಜಗಲಿ, ಬೇಕರಿ ಕಟ್ಟಿತು. ಆಮೇಲೆ ಕಣಿವೆಯ ಮೇಲೆ ಜೀಕುವ ಉಯ್ಯಾಲೆ ಬಂತು, ಬೆಟ್ಟದ ಸೈಕಲ್ಲಿನ ದಾರಿಗಳಂತೂ ಇದ್ದವು. ಸ್ವಲ್ಪ ಕಾಲದಲ್ಲೇ ಅಲ್ಲಿ ಚಳಿಗಾಲಕ್ಕಿಂತ ‘ಗ್ರೀನ್ ಸೀಸನ್’ನಲ್ಲೇ ಜನ ಜಾಸ್ತಿಯಾದರು. ಹಿಮ ಇಲ್ಲದ ಕಾಲಕ್ಕೆ ಅಲ್ಲಿನವರು ಹೇಳುವ ಹೆಸರೇ ಗ್ರೀನ್ ಸೀಸನ್.

## ವಸಂತ: ಬೆಟ್ಟದ ಮೇಲಿನ ಕುದುರೆ

ಏಪ್ರಿಲ್ ಕೊನೆಗೆ ಊರಿನಲ್ಲಿ ಚೆರ್ರಿ ಅರಳುತ್ತೆ, ಹಿಂದಿನ ಶಿಖರಗಳು ಇನ್ನೂ ಬೆಳ್ಳಗಿರುತ್ತವೆ. ಒಯಿದೆ ಉದ್ಯಾನದ ತೂಗುಸೇತುವೆ ಹತ್ತಿರ ಎಲ್ಲ ಕ್ಯಾಮೆರಾಗಳೂ ನಿಲ್ಲುವುದು ಇದಕ್ಕೇ.

ನನಗೆ ಇದಕ್ಕಿಂತ ಹಿಡಿಸಿದ್ದು ಕುದುರೆಯ ವಿಷಯ. ವಸಂತದಲ್ಲಿ ಹಿಮ ಒಂದೇ ಸಮ ಕರಗುವುದಿಲ್ಲ. ಅಲ್ಲಲ್ಲಿ ಕಪ್ಪು ಬಂಡೆ ಕಾಣಿಸತೊಡಗಿ ಆಕಾರಗಳು ಮೂಡುತ್ತವೆ. ಇದಕ್ಕೆ ‘ಯುಕಿಗತಾ’ ಅನ್ನುತ್ತಾರೆ, ಹಿಮದ ಚಿತ್ರ ಅಂತಿಟ್ಟುಕೊಳ್ಳಿ. ಶಿರೋಉಮಾ ಬೆಟ್ಟದ ಮೇಲೆ ಮೂಡುವುದು ಕುದುರೆ. ಅದು ಕಂಡಿತೆಂದರೆ ಗದ್ದೆಗೆ ನೀರು ಕಟ್ಟಿ, ಕುದುರೆ ಹೂಡಿ, ಕೆಸರು ಹದ ಮಾಡುವ ಹೊತ್ತು ಬಂತು ಅಂತ ರೈತರು ಲೆಕ್ಕ ಹಾಕುತ್ತಿದ್ದರು. ನಮ್ಮವರು ರೋಹಿಣಿ, ಮೃಗಶಿರ ಅಂತ ಮಳೆ ನಕ್ಷತ್ರ ಎಣಿಸಿದರೆ, ಅವರು ಬೆಟ್ಟ ನೋಡುತ್ತಿದ್ದರು.

ಹೀಗೆ ಕೆಸರು ಹದ ಮಾಡುವ ಕೆಲಸಕ್ಕೆ ‘ಶಿರೋ’ ಅನ್ನುವ ಪದ ಸೇರುತ್ತೆ. ‘ಉಮಾ’ ಅಂದರೆ ಕುದುರೆ. ಎರಡೂ ಸೇರಿ ಶಿರೋಉಮಾ, ಗದ್ದೆ ಕುದುರೆ. ಆದರೆ ಜಪಾನಿಯಲ್ಲಿ ‘ಶಿರೋ’ ಅಂದರೆ ಬಿಳಿ ಅಂತಲೂ ಅರ್ಥ. ಕಾಲಕ್ರಮೇಣ ಹೆಸರನ್ನು ‘ಬಿಳಿ ಕುದುರೆ’ ಅಂತ ಬರೆಯತೊಡಗಿದರು. ಅದೇ ಅಕ್ಷರಗಳನ್ನು ಚೀನೀ ಮೂಲದ ಉಚ್ಚಾರದಲ್ಲಿ ಓದಿದರೆ ಹಕುಬಾ. ಅಂದರೆ ಕಪ್ಪು ಬಂಡೆಯಲ್ಲಿ ಮೂಡುವ ಕಪ್ಪು ಕುದುರೆಯಿಂದ ಹೆಸರು ಪಡೆದ ಊರು ಈಗ ಬಿಳಿ ಕುದುರೆ!

ಮೇ ಮೊದಲ ವಾರದಲ್ಲಿ ಇನ್ನೊಂದು ನಡಿಗೆ ಇದೆ. ಹಿಂದೆ ಸಮುದ್ರತೀರದ ಇತೋಯಿಗಾವಾದಿಂದ ಒಳನಾಡಿನ ಮತ್ಸುಮೊತೊಗೆ ಉಪ್ಪು, ಮೀನು ಬರುತ್ತಿದ್ದುದು ಈ ಕಣಿವೆಯ ಮೂಲಕ, ಸುಮಾರು 120 ಕಿಲೋಮೀಟರ್. ಹಿಮ ಇಲ್ಲದಾಗ ಎತ್ತುಗಳ ಬೆನ್ನ ಮೇಲೆ, ಹಿಮದಲ್ಲಿ ಮನುಷ್ಯರ ಬೆನ್ನ ಮೇಲೆ. ಆ ‘ಉಪ್ಪಿನ ದಾರಿ’ಯ ಉತ್ಸವದಲ್ಲಿ ಜನ ಹಳೆಯ ಉಡುಗೆ ತೊಟ್ಟು ನಡೆಯುತ್ತಾರೆ. ಒತಾರಿಯಲ್ಲಿ ಎತ್ತಿನವರು ತಂಗುತ್ತಿದ್ದ ಹುಲ್ಲಿನ ಮಾಡಿನ ಮನೆಯನ್ನು ಉಳಿಸಿಕೊಂಡಿದ್ದಾರೆ. ಎತ್ತು ಕೆಳಗೆ, ಅದನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಮಲಗಲು ಆಳಿಗೆ ಮೇಲೆ ಅಟ್ಟ.

## ಬೇಸಿಗೆ: ಹಾವಿನ ಕಲ್ಲಿನ ಮೇಲೆ ನಡಿಗೆ

ಜೂನ್‌ನಿಂದ ಅಕ್ಟೋಬರ್‌ವರೆಗೆ ನಡೆಯುವವರ ಕಾಲ. ನಡುವೆ ಜೂನ್, ಜುಲೈನಲ್ಲಿ ಅವರ ಮಳೆಗಾಲ ಬರುತ್ತೆ ಅನ್ನೋದು ನೆನಪಿರಲಿ.

ಹೊಸಬರಿಗೆ ಒಳ್ಳೆಯ ದಾರಿ ಹಪ್ಪೊ ಕೊಳದ್ದು. ಒಂದು ಗೊಂಡೋಲಾ, ಎರಡು ಚೇರ್‌ಲಿಫ್ಟ್ ಹತ್ತಿದರೆ 1,830 ಮೀಟರ್ ತಲುಪುತ್ತೀರಿ. ಅಲ್ಲಿಂದ ಒಂದು, ಒಂದೂವರೆ ಗಂಟೆ ನಡೆದರೆ 2,060 ಮೀಟರ್ ಎತ್ತರದ ಕೊಳ. ಗಾಳಿ ಇಲ್ಲದ ಬೆಳಗ್ಗೆ ಶಿರೋಉಮಾ ಮತ್ತದರ ಪಕ್ಕದ ಎರಡು ಶಿಖರಗಳು ತಲೆಕೆಳಗಾಗಿ ನೀರಿನಲ್ಲಿ ನಿಂತಿರುತ್ತವೆ. ಮಧ್ಯಾಹ್ನಕ್ಕೆ ಮೋಡ ಬಂದುಬಿಡುತ್ತೆ, ಬೇಗ ಹೊರಡಿ.

ಈ ದಾರಿಯಲ್ಲೊಂದು ವಿಚಿತ್ರ ಇದೆ. ಸಾಮಾನ್ಯವಾಗಿ ಬೆಟ್ಟ ಏರುತ್ತಾ ಹೋದರೆ ಮೊದಲು ಮರ, ಆಮೇಲೆ ಪೊದೆ, ಕೊನೆಗೆ ಪುಟ್ಟ ಹೂಗಿಡ ಸಿಗಬೇಕು. ಇಲ್ಲಿ ಉಲ್ಟಾ. ಶಿಖರದ ಹತ್ತಿರ ಇರಬೇಕಾದ ಹೂಗಳು ಕೆಳಗೇ ಸಿಕ್ಕಿಬಿಡುತ್ತವೆ, ಇನ್ನೂ ಮೇಲೆ ಹೋದರೆ ಬರ್ಚ್ ಮರಗಳು ಕಾಣಿಸುತ್ತವೆ! ಕಾರಣ ಕಾಲಕೆಳಗಿನ ಕಲ್ಲು. ಜಪಾನಿಯಲ್ಲಿ ‘ಜಮೊನ್‌ಗನ್’, ಹಾವಿನ ಚಿತ್ತಾರದ ಕಲ್ಲು. ಇಂಗ್ಲಿಷಿನ ಸರ್ಪೆಂಟಿನೈಟ್ ಅನ್ನೋ ಹೆಸರೂ ಹಾವಿನಿಂದಲೇ ಬಂದಿದ್ದು. ಹಸಿರು, ಕಪ್ಪು ಬೆರೆತು ನುಣುಪಾಗಿರುತ್ತೆ. ಮಳೆ ಬಿದ್ದರೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ, ಬೂಟಿನ ತಳ ಚೆನ್ನಾಗಿರಲಿ. ಈ ಕಲ್ಲಿನಿಂದಾದ ಮಣ್ಣಿನಲ್ಲಿ ಮೆಗ್ನೀಷಿಯಂ, ನಿಕಲ್ ಜಾಸ್ತಿ, ಗಿಡಕ್ಕೆ ಬೇಕಾದ ಸತ್ವ ಕಡಿಮೆ. ಮರಗಳಿಗೆ ಒಗ್ಗುವುದಿಲ್ಲ. ಮರ ಇಲ್ಲದ ಕಡೆ ಬಿಸಿಲು ಸಿಕ್ಕಿ ಗಟ್ಟಿ ಜೀವದ ಹೂಗಳು ನೆಲೆಯೂರಿದವು. ಕಲ್ಲು ಬದಲಾದ ಕಡೆ ಮತ್ತೆ ಮರ. ಯುರೋಪಿನ ಆಲ್ಪ್ಸ್‌ನ ಎಡೆಲ್‌ವೈಸ್ ಹೂವಿನ ಒಂದು ನೆಂಟ ಇಲ್ಲಿ ಹಪ್ಪೊ ಹೆಸರನ್ನೇ ಹೊತ್ತು ಅರಳುತ್ತೆ. ಈ ಕಲ್ಲನ್ನು ನೆನಪಿಟ್ಟುಕೊಳ್ಳಿ, ಸ್ನಾನದ ಹೊತ್ತಿಗೆ ಮತ್ತೆ ಬರುತ್ತೆ.

ಪಳಗಿದವರಿಗೆ ದೊಡ್ಡ ಹಿಮಕಣಿವೆ ಇದೆ, ‘ದಾಯಿಸೆಕ್ಕೆಯಿ’. ಸುಮಾರು ಮೂರೂವರೆ ಕಿಲೋಮೀಟರ್ ಉದ್ದ. ನಡು ಬೇಸಿಗೆಯಲ್ಲಿ ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಹಿಮದ ಮೇಲೆ ಹತ್ತುತ್ತಾರೆ. ದಾರಿ ತಪ್ಪದಿರಲು ಹಿಮದ ಮೇಲೆ ಕೆಮ್ಮಣ್ಣಿನ ಬಣ್ಣದ ಪುಡಿ ಉದುರಿಸಿರುತ್ತಾರೆ. ಮೇಲಿನಿಂದ ಕಲ್ಲು ಉರುಳಿದರೆ ಹಿಮದ ಮೇಲೆ ಸದ್ದೇ ಆಗುವುದಿಲ್ಲ, ಅದೇ ದೊಡ್ಡ ಅಪಾಯ. ಹಿಮ ಬೇಗ ಕರಗಿದ ವರ್ಷಗಳಲ್ಲಿ ದಾರಿ ಮುಚ್ಚಿದ್ದೂ ಇದೆ. ಇನ್ನೊಂದು ಕಣಿವೆಯ ಹಿಮ, ಕರಮಾತ್ಸುಜಾವಾ, ನಿಜವಾದ ಹಿಮನದಿ ಅಂತ 2019ರಲ್ಲಿ ಒಪ್ಪಿಗೆಯಾಯಿತು. ಬರೀ ಹಿಮರಾಶಿಗೂ ಹಿಮನದಿಗೂ ಏನು ವ್ಯತ್ಯಾಸ? ಹಿಮನದಿ ತನ್ನ ಭಾರಕ್ಕೆ ನಿಧಾನವಾಗಿ ಹರಿಯುತ್ತಿರುತ್ತೆ.

ಬೆಟ್ಟ ಬೇಡ ಅನ್ನುವವರಿಗೆ ಪಕ್ಕದ ಆವೊಕಿ ಸರೋವರದಲ್ಲಿ ದೋಣಿ, ಹಿಮೆಕಾವಾ ನದಿಯಲ್ಲಿ ರಾಫ್ಟಿಂಗ್, ಒತಾರಿಯ ತ್ಸುಗಾಇಕೆ ಜೌಗಿನಲ್ಲಿ ಮರದ ಹಲಗೆ ಹಾಸಿದ ದಾರಿ. ಕಾಡಿನ ಕಡೆ ಹೋಗುವುದಾದರೆ ಚೀಲಕ್ಕೊಂದು ಗಂಟೆ ಕಟ್ಟಿಕೊಳ್ಳಿ. ಕರಡಿಗೆ ನೀವು ಬರುತ್ತಿರುವುದು ಮೊದಲೇ ಗೊತ್ತಾಗಲಿ ಅಂತ.

## ಬಿಸಿನೀರು: ಒಲೆ ಬೂದಿಯ ನಂಟು

‘ಒನ್ಸೆನ್’ ಅಂದರೆ ಬಿಸಿನೀರಿನ ಬುಗ್ಗೆ. ಜಪಾನಿನಲ್ಲಿ ಇದಕ್ಕೆ 1948ರ ಕಾನೂನೇ ಇದೆ. ನೆಲದಿಂದ ಬರುವಾಗ ನೀರು 25 ಡಿಗ್ರಿ ಇರಬೇಕು, ಇಲ್ಲವೇ ಪಟ್ಟಿಯಲ್ಲಿರುವ 19 ವಸ್ತುಗಳಲ್ಲಿ ಒಂದಾದರೂ ನಿಗದಿಯಷ್ಟು ಬೆರೆತಿರಬೇಕು. ಬಾಯ್ಲರಿನಲ್ಲಿ ಕಾಯಿಸಿದ ನಲ್ಲಿ ನೀರನ್ನು ಒನ್ಸೆನ್ ಅನ್ನುವ ಹಾಗಿಲ್ಲ.

ಹಕುಬಾ ಹಪ್ಪೊದ ನೀರು ಮೂಲದಲ್ಲಿ ಸುಮಾರು 50 ಡಿಗ್ರಿ. ಗಂಧಕದ ವಾಸನೆಗಿಂತ ಇದರ ವಿಶೇಷ ಕ್ಷಾರತೆ. ಹುಳಿ, ಕ್ಷಾರ ಅಳೆಯುವ ಪಿಎಚ್ ಅಂಕಿ ಇಲ್ಲಿ 11 ದಾಟುತ್ತೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಲ್ಲಿಂದ ಮೇಲಕ್ಕೆ ಪ್ರತಿ ಅಂಕಿಗೂ ಕ್ಷಾರತೆ ಹತ್ತು ಪಟ್ಟು ಏರುತ್ತೆ, ಅಂದರೆ 11ಕ್ಕೆ ಬರುವಾಗ 7ರ ಹತ್ತು ಸಾವಿರ ಪಟ್ಟು.

ಇದನ್ನು ಮಾಡುವುದು ಅದೇ ಹಾವಿನ ಕಲ್ಲು. ಭೂಮಿಯ ಆಳದಿಂದ ಬಂದ ಕಬ್ಬಿಣ, ಮೆಗ್ನೀಷಿಯಂ ತುಂಬಿದ ಕಲ್ಲಿಗೆ ನೀರು ತಾಗಿದಾಗ ಅದು ನಿಧಾನವಾಗಿ ಸರ್ಪೆಂಟಿನೈಟ್ ಆಗುತ್ತೆ. ಕಲ್ಲಿನ ಕಬ್ಬಿಣ ತುಕ್ಕು ಹಿಡಿದಂತೆ ನೀರಿನಿಂದ ಆಕ್ಸಿಜನ್ ಕಿತ್ತುಕೊಳ್ಳುತ್ತೆ, ಹೈಡ್ರೋಜನ್ ಉಳಿಯುತ್ತೆ, ನೀರು ಕ್ಷಾರವಾಗುತ್ತೆ. ಭೂಮಿಯ ಮೇಲೆ ಮೊದಲ ಜೀವ ಹುಟ್ಟಿದ್ದು ಇಂಥ ಕಡೆಯೇ ಇರಬಹುದೇ ಅಂತ ತಿಳಿಯಲು ವಿಜ್ಞಾನಿಗಳು ಈ ನೀರನ್ನು ಪರೀಕ್ಷಿಸುತ್ತಾ ಬಂದಿದ್ದಾರೆ.

ಒಳಗೆ ಇಳಿದು ತೋಳು ಸವರಿಕೊಂಡರೆ ಚರ್ಮ ಜಾರುತ್ತೆ, ಸೋಪು ಸರಿಯಾಗಿ ತೊಳೆದಿಲ್ಲವೇನೋ ಅನ್ನುವ ಹಾಗೆ. ನಿಜಕ್ಕೂ ಅದು ಸೋಪೇ. ಅಜ್ಜಿ ಒಲೆ ಬೂದಿಯಿಂದ ಎಣ್ಣೆ ಪಾತ್ರೆ ತಿಕ್ಕುತ್ತಿದ್ದರಲ್ಲ, ಬೂದಿಯ ಕ್ಷಾರ ಎಣ್ಣೆ ಜೊತೆ ಸೇರಿ ಸೋಪಿನಂತಾಗುತ್ತಿತ್ತು. ಇಲ್ಲಿ ನೀರಿನ ಕ್ಷಾರ ಮೈಯ ಜಿಡ್ಡಿನ ಜೊತೆ ಅದೇ ಕೆಲಸ ಮಾಡುತ್ತೆ. ಚರ್ಮ ಒಣಗುವವರು ಆಮೇಲೆ ಸ್ವಲ್ಪ ಕ್ರೀಮ್ ಹಚ್ಚಿಕೊಳ್ಳುವುದು ಒಳ್ಳೆಯದು.

ನಮ್ಮವರು ಅಳುಕುವುದು ನೀರಿಗಲ್ಲ, ನಿಯಮಕ್ಕೆ. ಮೈಮೇಲೆ ಏನೂ ಇರಬಾರದು, ಈಜುಡುಗೆಯೂ ಕೂಡದು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ನಮ್ಮಲ್ಲಿ ಸ್ನಾನ ಅಂದರೆ ಕೊಳೆ ಕಳೆಯುವುದು. ಅಲ್ಲಿ ಕೊಳಕ್ಕೆ ಇಳಿಯುವ ಮೊದಲೇ ಆ ಕೆಲಸ ಮುಗಿಸಿರಬೇಕು. ಗಿಡ್ಡ ಮಣೆಯ ಮೇಲೆ ಕೂತು, ಸೋಪು ಹಚ್ಚಿ, ನೊರೆ ಪೂರ್ತಿ ಹೋಗುವಂತೆ ತೊಳೆದುಕೊಂಡು, ಆಮೇಲೆ ಸುಮ್ಮನೆ ನೆನೆಯುವುದು. ಚಿಕ್ಕ ಟವೆಲನ್ನು ನೀರಿಗೆ ಅದ್ದಬಾರದು, ಮಡಚಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಐದ್ಹತ್ತು ನಿಮಿಷಕ್ಕೆ ಎದ್ದುಬಿಡಿ, ತಲೆ ತಿರುಗೀತು. ಹಚ್ಚೆ ಇದ್ದರೆ ಕೆಲವು ಕಡೆ ಬಿಡುವುದಿಲ್ಲ, ಮೊದಲೇ ಕೇಳಿ. ನಾಚಿಕೆ ಬಿಡದಿದ್ದರೆ ಕೆಲವು ವಸತಿಗಳಲ್ಲಿ ಕುಟುಂಬಕ್ಕೆ ಮಾತ್ರ ಕೊಳ ಕಾಯ್ದಿರಿಸಬಹುದು. ಅದೂ ಬೇಡವೆಂದರೆ ‘ಆಶಿಯು’ ಇದೆ, ಪ್ಯಾಂಟು ಮಡಚಿ ಬರೀ ಕಾಲು ಇಳಿಬಿಡುವ ತೊಟ್ಟಿ.

## ಶರತ್ಕಾಲ, ಮತ್ತೆ ಒಂದಿಷ್ಟು ಲೆಕ್ಕಾಚಾರ

ಎಲೆ ಬಣ್ಣ ತಿರುಗುವುದು ಮೇಲಿನಿಂದ ಕೆಳಕ್ಕೆ. ಅಕ್ಟೋಬರ್ ನಡುವಿನಲ್ಲಿ ಅದೃಷ್ಟ ಇದ್ದರೆ ಶಿಖರದಲ್ಲಿ ಹೊಸ ಹಿಮದ ಬಿಳಿ, ನಡುವೆ ಕೆಂಪು ಹಳದಿ, ಬುಡದಲ್ಲಿ ಇನ್ನೂ ಹಸಿರು. ಮೂರು ಅಂತಸ್ತಿನ ಬಣ್ಣ ಅಂತ ಅವರಲ್ಲಿ ಇದಕ್ಕೆ ಹೆಸರೇ ಇದೆ.

ಹಾಗಾದರೆ ಹೋಗಬಾರದ ಕಾಲ ಯಾವುದು? ಒಂದು ಜಪಾನೀಯರ ಮೇ ಮೊದಲ ವಾರದ ರಜೆ ಮುಗಿದ ಮೇಲಿನ ಕೆಲವು ವಾರ, ಇನ್ನೊಂದು ನವೆಂಬರ್. ಹಿಮ ಆಡುವಷ್ಟಿಲ್ಲ, ನಡೆಯುವ ಹಾಗೂ ಇಲ್ಲ. ಬಹುತೇಕ ಗೊಂಡೋಲಾಗಳು ರಿಪೇರಿಗೆ ನಿಂತಿರುತ್ತವೆ.

ತಲುಪುವುದು ಕಷ್ಟವಿಲ್ಲ. ಟೊಕಿಯೊದಿಂದ ನಗಾನೊಗೆ ಬುಲೆಟ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ (ಒಲಿಂಪಿಕ್ಸ್‌ಗೆಂದು 1997ರಲ್ಲಿ ಬಂದ ದಾರಿ ಅದು). ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಉಳಿಯಲು ಹೋಟೆಲ್ ಅಲ್ಲದೆ ‘ಮಿನ್‌ಶುಕು’ ಇವೆ, ಮನೆಯವರೇ ಕೋಣೆ ಕೊಟ್ಟು ಅಡುಗೆ ಮಾಡಿ ಬಡಿಸುವ ತಂಗುಮನೆ, ನಮ್ಮ ಹೋಂಸ್ಟೇ ಥರ. ಈ ಪದ್ಧತಿ ಹುಟ್ಟಿದ್ದೇ ನಮ್ಮೂರಲ್ಲಿ ಅಂತ ಹಕುಬಾದವರು ಹೇಳಿಕೊಳ್ಳುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ನಗಾನೊದ ಹೆಮ್ಮೆ ಸೋಬಾ, ಬಕ್‌ವೀಟ್ ಹಿಟ್ಟಿನ ಶ್ಯಾವಿಗೆ. ಶ್ಯಾವಿಗೆಯಲ್ಲಿ ಮೀನಿಲ್ಲ, ಆದರೆ ಅದ್ದಿ ತಿನ್ನುವ ಸಾರಿನಲ್ಲಿ ಇರುತ್ತೆ. ‘ದಾಶಿ’ ಎಂಬ ಆ ಸಾರಿನ ಬುಡವೇ ಒಣಮೀನು. "ಮಾಂಸ ಬೇಡ" ಅಂದರೆ ಸಾಲದು, "ಮೀನಿನ ದಾಶಿಯೂ ಬೇಡ" ಅಂತ ಬಿಡಿಸಿ ಹೇಳಬೇಕು. ಮಿನ್‌ಶುಕುವಾದರೆ ಕೋಣೆ ಕಾಯ್ದಿರಿಸುವಾಗಲೇ ಬರೆದುಬಿಡಿ. ದಾರಿಯಲ್ಲಿ ಹಸಿವಾದರೆ ‘ಒಯಾಕಿ’ ಸಿಗುತ್ತೆ, ಹಿಟ್ಟಿನ ಉಂಡೆಯೊಳಗೆ ಕುಂಬಳಕಾಯಿಯ ಹೂರಣ ತುಂಬಿ ಬೇಯಿಸಿದ್ದು. ಸೊಪ್ಪಿನದೂ ಇರುತ್ತೆ. ಕೊಳ್ಳುವ ಮೊದಲು ಒಳಗೇನಿದೆ ಅಂತ ಕೇಳಿ, ಮಾಂಸದ್ದೂ ಪಕ್ಕದಲ್ಲೇ ಇಟ್ಟಿರುತ್ತಾರೆ.